ಸಾಲ ಕೊಟ್ಟು ಗೆದ್ದ ಟೆಂಡರ್

ಮಾಲ್ದೀವ್ಸ್‌ನ ರಾಜಧಾನಿ ಮಾಲೆಯನ್ನು ಪಕ್ಕದ ದ್ವೀಪಗಳಿಗೆ ಜೋಡಿಸುವ 6.74 ಕಿ.ಮೀ. ಸೇತುವೆ–ರಸ್ತೆಯ ಗುತ್ತಿಗೆ 2021ರಲ್ಲಿ ನಮ್ಮ ದೇಶದ ಆಫ್ಕಾನ್ಸ್ ಕಂಪನಿಗೆ ಸಿಕ್ಕಿತು. ಸಿವಿಲ್ ಎಂಜಿನಿಯರಿಂಗ್ ಓದುವ ನಮಗೆ ಇಂಥ ಸುದ್ದಿ ಕೇಳಿದರೆ ಖುಷಿ. ಆದರೆ ಈ ಗೆಲುವಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯೋಜನೆಗೆ ಭಾರತವೇ 40 ಕೋಟಿ ಡಾಲರ್ ಸಾಲ, 10 ಕೋಟಿ ಡಾಲರ್ ಅನುದಾನ ಕೊಟ್ಟಿದೆ.

ಇದು 'ಲೈನ್ ಆಫ್ ಕ್ರೆಡಿಟ್' ಪದ್ಧತಿ. ನಮ್ಮ ಎಕ್ಸಿಮ್ ಬ್ಯಾಂಕ್ ವಿದೇಶಿ ಸರ್ಕಾರಕ್ಕೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ಬಡ್ಡಿಯ ವ್ಯತ್ಯಾಸವನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಸಾಮಾನ್ಯವಾಗಿ ಶೇ 75ರಷ್ಟು ಸರಕು, ಸೇವೆ ಭಾರತದಿಂದಲೇ ಹೋಗಬೇಕು, ಟೆಂಡರ್‌ನಲ್ಲಿ ಭಾರತೀಯ ಕಂಪನಿಗಳಷ್ಟೇ ಇರುತ್ತವೆ. ಅಂದರೆ ಪಂದ್ಯ ನಡೆಯುವುದು ಪರದೇಶದ ಮೈದಾನದಲ್ಲಾದರೂ ಆಡುವ ತಂಡಗಳೆಲ್ಲ ನಮ್ಮವೇ!

ಹಾಗೆಂದು ಇದು ವ್ಯರ್ಥ ಎನ್ನಲಾರೆ. ನೆರೆಯ ದೇಶಗಳ ಸ್ನೇಹ, ಸಮುದ್ರದ ನಡುವೆ ಕಂಬ ನಿಲ್ಲಿಸಿದ ಅನುಭವ ಎರಡೂ ಬೇಕು. 2015ರಲ್ಲಿ ಶುರುವಾದ ರಿಯಾಯಿತಿ ಹಣಕಾಸು ಯೋಜನೆ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಬಾಂಗ್ಲಾದೇಶದ ರಾಂಪಾಲ್‌ನ 1,320 ಮೆಗಾವಾಟ್ ವಿದ್ಯುತ್ ಸ್ಥಾವರದ ಟೆಂಡರ್‌ನಲ್ಲಿ ಬಿಎಚ್‌ಇಎಲ್ ಚೀನಾದ ಕಂಪನಿಯನ್ನು ಎದುರಿಸಿ ಗೆದ್ದದ್ದು ಈ ಯೋಜನೆಯ ಬಲದಿಂದ. ಆದರೆ ಅಲ್ಲಿಯೂ ಗುತ್ತಿಗೆಯ ಬೆನ್ನಿಗೆ ನಮ್ಮದೇ 160 ಕೋಟಿ ಡಾಲರ್ ಸಾಲ ಹೋಯಿತು.

ಅದೇ ಬಾಂಗ್ಲಾದೇಶದಲ್ಲಿ ಪದ್ಮಾ ಸೇತುವೆಯ ಕಥೆ ಬೇರೆ. ವಿಶ್ವಬ್ಯಾಂಕ್ 2012ರಲ್ಲಿ ಹಿಂದೆ ಸರಿದ ಮೇಲೆ ಆ ದೇಶ ಸ್ವಂತ ಹಣದಲ್ಲಿ 6.15 ಕಿ.ಮೀ. ಸೇತುವೆ ಕಟ್ಟಿಸಿತು. ಮುಖ್ಯ ಸೇತುವೆಯ ಕೆಲಸ ಹೋದದ್ದು ಚೀನಾದ ಕಂಪನಿಗೆ. ನಿಜವಾದ ಮಾರುಕಟ್ಟೆ ಇದು: ಗಿರಾಕಿ ತನ್ನ ಜೇಬಿನಿಂದ ದುಡ್ಡು ತೆಗೆದು, ಯಾರಿಗೆ ಬೇಕಾದರೂ ಕೊಡಬಹುದಾದ ಕೆಲಸ. ಇಂಥ ಕಡೆ ಎಲ್ ಅಂಡ್ ಟಿಯಂಥ ದೈತ್ಯರು ಕೊಲ್ಲಿ ದೇಶಗಳಲ್ಲಿ ಗೆಲ್ಲುತ್ತಾರೆ, ಸರಿ. ಉಳಿದವರು?

ಉಳಿದವರಿಗೆ ಅಡ್ಡಿಯಾಗುವುದು ಬ್ಯಾಂಕ್ ಗ್ಯಾರಂಟಿ. ಗುತ್ತಿಗೆ ಮೊತ್ತದ ಸುಮಾರು ಶೇ 10ರಷ್ಟು ಗ್ಯಾರಂಟಿ ಕೇಳುವುದು ಈ ವ್ಯವಹಾರದಲ್ಲಿ ಮಾಮೂಲು. 500 ಕೋಟಿ ರೂಪಾಯಿಯ ಕೆಲಸಕ್ಕೆ 50 ಕೋಟಿಯ ಗ್ಯಾರಂಟಿ. ಅದನ್ನು ಕೊಡಲು ಬ್ಯಾಂಕು ಮಾರ್ಜಿನ್ ಹಣ, ಆಸ್ತಿಯ ಅಡಮಾನ ಕೇಳುತ್ತದೆ. ಕೆಲಸ ಮುಗಿದು, ದೋಷ ಸರಿಪಡಿಸುವ ಅವಧಿ ಕಳೆಯುವವರೆಗೆ ಆ ಹಣ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಹೆದ್ದಾರಿ, ಫ್ಲೈಓವರ್ ಕಟ್ಟಿ ಕೈ ಪಳಗಿದ ಮಧ್ಯಮ ಗಾತ್ರದ ಗುತ್ತಿಗೆದಾರ ಇಷ್ಟರಲ್ಲೇ ಸುಸ್ತು.

ದಕ್ಷಿಣ ಕೊರಿಯಾ 1975ರಲ್ಲಿ ಸಾಗರೋತ್ತರ ನಿರ್ಮಾಣಕ್ಕೆಂದೇ ಕಾನೂನು ತಂದು ತನ್ನ ಕಂಪನಿಗಳ ಗ್ಯಾರಂಟಿಯ ಬೆನ್ನಿಗೆ ನಿಂತಿತು. ಮರುವರ್ಷ ಸೌದಿಯ ಜುಬೈಲ್ ಬಂದರಿನ 90 ಕೋಟಿ ಡಾಲರ್‌ಗೂ ಹೆಚ್ಚಿನ ಗುತ್ತಿಗೆ ಹ್ಯುಂಡೈ ಪಾಲಾಯಿತು. ಹಣ ಸೌದಿಯದ್ದು, ಕೊರಿಯಾದ್ದಲ್ಲ.

ನಮ್ಮಲ್ಲೂ ಇಸಿಜಿಸಿ, ಎಕ್ಸಿಮ್ ಬ್ಯಾಂಕ್‌ಗಳಲ್ಲಿ ರಫ್ತು ಗುತ್ತಿಗೆಯ ಗ್ಯಾರಂಟಿಗೆ ಅವಕಾಶವಿದೆ. ಅದನ್ನು ಮಧ್ಯಮ ಕಂಪನಿಗಳಿಗೆ ಅಡಮಾನದ ಹೊರೆಯಿಲ್ಲದೆ ದೊರಕಿಸುವುದು, ಹೊಸ ಸಾಲ ಘೋಷಿಸುವುದಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಗ್ಯಾರಂಟಿಯಲ್ಲಿ ನಷ್ಟವೇ ಇಲ್ಲ ಎಂದಲ್ಲ. ಕಂಪನಿ ಕೈಚೆಲ್ಲಿದರೆ ಸರ್ಕಾರ ತೆರಬೇಕು. ಆದರೆ ಕಂಪನಿಯ ಸಾಮರ್ಥ್ಯವನ್ನು ಮೊದಲೇ ಅಳೆಯಬಹುದು. ಇನ್ನೊಂದು ದೇಶದ ಖಜಾನೆಯನ್ನು ಅಳೆಯುವುದು ಹೇಗೆ? ಘಾನಾದಲ್ಲಿ ಟೆಮಾ–ಎಂಪಕಡಾನ್ ರೈಲುಮಾರ್ಗವನ್ನು ಭಾರತದ ಸಾಲದಲ್ಲಿ ಆಫ್ಕಾನ್ಸ್ ಕಟ್ಟಿತು. 2022ರ ಡಿಸೆಂಬರ್‌ನಲ್ಲಿ ಘಾನಾ ತನ್ನ ಬಹುಪಾಲು ವಿದೇಶಿ ಸಾಲದ ಮರುಪಾವತಿಯನ್ನೇ ನಿಲ್ಲಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಶ್ರೀಲಂಕಾ ಕೈಎತ್ತಿತ್ತು.

ಮುಂದಿನ ವರ್ಷ ನಮ್ಮ ಬ್ಯಾಚಿಗೆ ಕ್ಯಾಂಪಸ್ ಸಂದರ್ಶನ. ವಿದೇಶಿ ಸೈಟಿಗೆ ಕಳಿಸುತ್ತೇವೆ ಎನ್ನುವ ಕಂಪನಿ ಬಂದರೆ ನಾನು ಕೇಳಬೇಕೆಂದಿರುವ ಪ್ರಶ್ನೆ ಒಂದೇ: ಆ ಕೆಲಸಕ್ಕೆ ದುಡ್ಡು ಯಾರದ್ದು ಸರ್?