ಮಧುಮೇಹ ಮತ್ತು ಗಿಡಮೂಲಿಕೆ ಪೂರಕಗಳು

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಮಧುನಾಶಿನಿ, ಮೆಂತ್ಯ, ಹೊನ್ನೆ ಚಕ್ಕೆ ಮುಂತಾದವುಗಳ ಪುಡಿ, ಗುಳಿಗೆಗಳಿಗೆ ಬೇಡಿಕೆಯಿರುವುದು ಸಹಜ. ಸಸ್ಯಗಳಲ್ಲಿ ಗುಣವಿಲ್ಲವೆಂದಲ್ಲ, ಮೆಟ್‌ಫಾರ್ಮಿನ್ ಸಂಶೋಧನೆಗೆ ಮೂಲವಾದದ್ದೂ ಗಲೀಗಾ ಎಂಬ ಸಸ್ಯವೇ. ಆದರೆ 1957ರಲ್ಲಿ ಫ್ರಾನ್ಸಿನಲ್ಲಿ ಆ ಔಷಧವು ಬಳಕೆಗೆ ಬಂದದ್ದು ರೋಗಿಗಳಲ್ಲಿ ಪರೀಕ್ಷಿಸಿದ ನಂತರ.

ಆಹಾರ ಪೂರಕಗಳ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಸೂಚನೆ ಕಡ್ಡಾಯವಾಗಿದೆ. ಅದನ್ನು ಓದುವವರು ವಿರಳ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಣಾರ್ಹ ಜಾಹೀರಾತು) ಅಧಿನಿಯಮದಡಿ ಮಧುಮೇಹ ಗುಣಪಡಿಸುವುದಾಗಿ ಜಾಹೀರಾತು ನೀಡುವುದು ಅಪರಾಧವಾಗಿರುತ್ತದೆ. ಇಂತಹ ಜಾಹೀರಾತು ನಂಬಿ ಇನ್ಸುಲಿನ್ ನಿಲ್ಲಿಸಿದಲ್ಲಿ ಪ್ರಾಣಾಪಾಯವಿದೆ. ವೈದ್ಯರು ನೀಡಿದ ಮಾತ್ರೆಯೊಂದಿಗೆ ಪೂರಕವನ್ನೂ ಸೇವಿಸಿದಲ್ಲಿ ರಕ್ತದ ಸಕ್ಕರೆ ಅಂಶ ಅತಿಯಾಗಿ ಕುಸಿಯಬಹುದು. ಆದುದರಿಂದ ಪೂರಕ ಸೇವನೆಯ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.