ಆರೋಗ್ಯ ಚಿಂತನ: ಚಿಕಿತ್ಸೆ ಮತ್ತು ತಲೆಗೂದಲು

ಕ್ಯಾನ್ಸರ್ ಎಂದೊಡನೆ ಮನೆಯ ಹೆಣ್ಣುಮಕ್ಕಳು ಮೊದಲು ಕೇಳುವ ಪ್ರಶ್ನೆಗಳಲ್ಲೊಂದು, "ಕೂದಲು ಹೋಗುತ್ತದೆಯೇ?" ಎಂಬುದು. ಇದನ್ನು ಹಗುರವಾಗಿ ಕಾಣಬಾರದು. ಒಳಗಿನ ರೋಗ ನಾಲ್ಕು ಜನರ ಕಣ್ಣಿಗೆ ಬೀಳುವುದು ಕೂದಲು ಉದುರಿದಾಗಲೇ.

ಕೀಮೋಥೆರಪಿಯು ಬೇಗಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕೂದಲಿನ ಬುಡದ ಕೋಶಗಳೂ ಅಂಥವೇ. ಆದ್ದರಿಂದ ಅನೇಕ ಕೀಮೋ ಔಷಧಿಗಳಿಂದ ಕೆಲವೇ ವಾರಗಳಲ್ಲಿ ಕೂದಲು ಉದುರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮರಳಿ ಬರುತ್ತದೆ.

ಇಮ್ಯುನೋಥೆರಪಿಯ ದಾರಿ ಬೇರೆ. ನಮ್ಮ ದೇಹದ ರಕ್ಷಣಾ ಕೋಶಗಳಿಗೆ ಸಹಜವಾಗಿಯೇ ಒಂದು ಕಡಿವಾಣವಿದೆ. ಕ್ಯಾನ್ಸರ್ ಅದರ ಮರೆಯಲ್ಲಿ ಬದುಕುತ್ತದೆ. ಆ ಕಡಿವಾಣವನ್ನು ಸಡಿಲಿಸುವ ದಾರಿ ತೋರಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಬಗೆಯ ಮೊದಲ ಔಷಧಿಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತ್ತು.

ಕಡಿವಾಣ ಸಡಿಲಾದಾಗ ರಕ್ಷಣಾ ಕೋಶಗಳು ಕೆಲವೊಮ್ಮೆ ಕೂದಲ ಬುಡವನ್ನೂ ಶತ್ರುವೆಂದು ಬಗೆಯುತ್ತವೆ. ಆಗ ತಲೆಯಲ್ಲಿ ನಾಣ್ಯದಗಲ ಬೋಳು ಕಾಣಬಹುದು. ಇದು ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಮಾತ್ರ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದವರಲ್ಲಿ ಚರ್ಮದ ಮೇಲೆ ಬಿಳಿ ಮಚ್ಚೆ ಏಳುವುದುಂಟು, ಹುಬ್ಬು ರೆಪ್ಪೆಗಳೂ ಬೆಳ್ಳಗಾಗುವುದುಂಟು. ಇಂಥ ಮಚ್ಚೆ ಎದ್ದವರಲ್ಲಿ ಔಷಧಿ ಚೆನ್ನಾಗಿ ಕೆಲಸ ಮಾಡಿದ್ದನ್ನು ವೈದ್ಯರು ಕಂಡಿದ್ದಾರೆ. ಇದಕ್ಕೆ ವ್ಯತಿರಿಕ್ತವಾಗಿ, ಶ್ವಾಸಕೋಶದ ಕ್ಯಾನ್ಸರಿಗೆ ಈ ಔಷಧಿ ಪಡೆದ 14 ಮಂದಿಯ ನರೆಗೂದಲು ಮತ್ತೆ ಕಪ್ಪಾದ ಸಂಗತಿಯನ್ನು ಸ್ಪೇನಿನ ವೈದ್ಯರು 2017ರಲ್ಲಿ ವರದಿ ಮಾಡಿದರು!

ಆದರೆ ಕೂದಲು ನೋಡಿ ರೋಗದ ಏರಿಳಿತವನ್ನು ನಾವೇ ತೀರ್ಮಾನಿಸಬಾರದು. ಅದನ್ನು ಹೇಳಬೇಕಾದುದು ಸ್ಕ್ಯಾನು ಮತ್ತು ವೈದ್ಯರು. ಬದಲಾವಣೆ ಕಂಡರೆ ಮುಚ್ಚಿಡದೆ ತಿಳಿಸೋಣ. ಈ ಔಷಧಿಗಳಿಂದ ಥೈರಾಯ್ಡ್ ಏರುಪೇರಾಗಿಯೂ ಕೂದಲು ಉದುರಬಹುದು. ರಕ್ತ ಪರೀಕ್ಷೆಯಿಂದ ಅದು ಗೊತ್ತಾಗುತ್ತದೆ, ಅದಕ್ಕೆ ಮದ್ದೂ ಇದೆ. ಯಾರೋ ಹೇಳಿದರೆಂದು ನಾರುಬೇರಿನ ಔಷಧಿ ನುಂಗುವುದಾಗಲಿ, ಕೂದಲಿಗೆ ಹೆದರಿ ಚಿಕಿತ್ಸೆ ನಿಲ್ಲಿಸುವುದಾಗಲಿ ಸಲ್ಲದು.

ಕೊನೆಗೊಂದು ಮಾತು. ಕೇಶಲೋಚ ಮಾಡಿಕೊಂಡ ಮಾತಾಜಿಯವರಿಗೆ ನಾವು ಭಕ್ತಿಯಿಂದ ಕೈಮುಗಿಯುತ್ತೇವೆ. ಅದು ಅವರು ತಾವಾಗಿ ಕೈಕೊಂಡ ವ್ರತ. ರೋಗದಿಂದ ಕೂದಲು ಕಳೆದುಕೊಂಡ ಸೊಸೆಗೆ ಅಂಥ ಆಯ್ಕೆಯೇ ಇರಲಿಲ್ಲ. ಅವಳು ಮದುವೆ ಮನೆಗೆ ಬಂದಾಗ ತಲೆಯತ್ತ ನೋಡಿ ಪಿಸುಗುಟ್ಟದೆ, ಪಕ್ಕದಲ್ಲಿ ಕೂರಿಸಿಕೊಂಡು "ಊಟ ಆಯಿತೇನಮ್ಮಾ?" ಎಂದು ಕೇಳೋಣ. ಅಷ್ಟು ನಮ್ಮಿಂದಾಗದೇ?