ಹೊಸ ಗ್ರಾಫಿಕ್ಸ್ ಚಿಪ್ ‘ಹಳೇ’ ತಂತ್ರದಲ್ಲಿ ತಯಾರಾದರೆ ಅದು ಮೋಸವೇ?

‘ಫೋನಿನ ಚಿಪ್ಪೇ 3 ನ್ಯಾನೋಮೀಟರಿಗೆ ಬಂದಾಯ್ತು. ಲಕ್ಷಗಟ್ಟಲೆ ಬೆಲೆಯ ಗ್ರಾಫಿಕ್ಸ್ ಕಾರ್ಡು ಇನ್ನೂ 5 ನ್ಯಾನೋಮೀಟರಿನಲ್ಲೇ ಇದೆ. ಹಳೇ ಮಾಲನ್ನು ಹೊಸ ಡಬ್ಬಿಯಲ್ಲಿ ಹಾಕಿ ಮಾರುತ್ತಿದ್ದಾರೆ. ಈ ವರ್ಷ ಯಾರೂ ಲ್ಯಾಪ್‌ಟಾಪ್ ಕೊಳ್ಳಬೇಡಿ, ಎಲ್ಲರಿಗೂ ಕಳಿಸಿ.’

ಇಂಥ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಪಿಯುಸಿ ಮುಗಿಸಿ ಎಂಜಿನಿಯರಿಂಗ್, ಅನಿಮೇಶನ್ ಎಂದು ಹೊರಡುವ ಮಕ್ಕಳಿರುವ ಮನೆಗಳಿಗೆ ಇದು ಬರೀ ಹರಟೆಯಲ್ಲ. ಕದ್ವಾಡದಲ್ಲಿರಲಿ, ಅಂಕೋಲೆಯಲ್ಲಿರಲಿ, ಎಪ್ಪತ್ತೆಂಬತ್ತು ಸಾವಿರ ಹೊಂದಿಸಿ ಒಂದು ಲ್ಯಾಪ್‌ಟಾಪ್ ತರುವವರು ಅದನ್ನು ನಾಲ್ಕೈದು ವರ್ಷ ಓಡಿಸಬೇಕು. ಹಾಗಾಗಿ ಈ ಮಾತನ್ನು ಬಿಡಿಸಿ ನೋಡೋಣ.

ಮೊದಲಿಗೆ ಸತ್ಯ ಎಷ್ಟು? ಅಂಕಿಗಳು ಸರಿಯಾಗಿವೆ. 2023ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 15 ಪ್ರೊ ಫೋನಿನ ಚಿಪ್ ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯ 3 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾಗಿತ್ತು. ಅದಾಗಿ ಒಂದು ವರ್ಷದ ಮೇಲೆ, 2025ರ ಜನವರಿಯಲ್ಲಿ ಎನ್ವಿಡಿಯಾ ಬಿಡುಗಡೆ ಮಾಡಿದ ಆರ್‌ಟಿಎಕ್ಸ್ 5090 ಅದೇ ಟಿಎಸ್‌ಎಂಸಿಯ 5 ನ್ಯಾನೋಮೀಟರ್ ಕುಟುಂಬಕ್ಕೆ ಸೇರಿದ ‘4ಎನ್’ ತಂತ್ರದಲ್ಲೇ ಬಂತು. 2022ರ ಆರ್‌ಟಿಎಕ್ಸ್ 4090 ಕೂಡ ಅದರಲ್ಲೇ ತಯಾರಾಗಿತ್ತು. ಇಷ್ಟು ನಿಜ. ಆದರೆ ಇದರಿಂದ ‘ಹಳೇ ಮಾಲು’ ಎಂದು ತೀರ್ಮಾನಿಸುವುದು ತಪ್ಪು.

ಈ ನ್ಯಾನೋಮೀಟರ್ ಎಂಬುದೇ ಒಂದು ಹೆಸರು, ಅಳತೆಯಲ್ಲ. ದಶಕಗಳ ಹಿಂದೆ ಅದು ಟ್ರಾನ್ಸಿಸ್ಟರಿನ ಒಂದು ಭಾಗದ ಉದ್ದವನ್ನು ಸೂಚಿಸುತ್ತಿತ್ತು. ಈಗ ‘5 ನ್ಯಾನೋಮೀಟರ್’ ಚಿಪ್ಪಿನೊಳಗೆ ಅಕ್ಕಪಕ್ಕದ ಎರಡು ಟ್ರಾನ್ಸಿಸ್ಟರುಗಳ ನಡುವಿನ ಅಂತರವೇ ಸುಮಾರು 50 ನ್ಯಾನೋಮೀಟರ್ ಇರುತ್ತದೆ. ಒಂದು ಕಂಪನಿಯ 8ಕ್ಕೂ ಇನ್ನೊಂದು ಕಂಪನಿಯ 7ಕ್ಕೂ ನೇರ ಹೋಲಿಕೆ ಇಲ್ಲ. ಸೀರೆ ಅಂಗಡಿಯ ‘ನಂಬರ್ ಒನ್ ಕ್ವಾಲಿಟಿ’ ಚೀಟಿಗಿಂತ ಸ್ವಲ್ಪ ಹೆಚ್ಚು ನಂಬಬಹುದು, ಅಷ್ಟೇ.

ಹಾಗಿದ್ದರೂ ಹೊಸ ತಂತ್ರದಿಂದ ಲಾಭವಿದೆ. ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್, ಅದೇ ಕೆಲಸಕ್ಕೆ ಕಡಿಮೆ ವಿದ್ಯುತ್. ಮತ್ತೇಕೆ ಗ್ರಾಫಿಕ್ಸ್ ಚಿಪ್ಪಿನವರು ಕಾಯುತ್ತಾರೆ?

ಉತ್ತರಕ್ಕೆ ಹಪ್ಪಳ ಒಣಗಿಸುವ ಅಂಗಳಕ್ಕೆ ಹೋಗಬೇಕು. ಬಿಸಿಲಿಗೆ ದೊಡ್ಡ ಬಟ್ಟೆ ಹಾಸಿ ಹಲಸಿನ ಹಪ್ಪಳ ಹರಡಿದ್ದೀರಿ. ಕಾಗೆಗಳು ಬಂದು ಅಲ್ಲಲ್ಲಿ ಎಪ್ಪತ್ತು ಕಡೆ ಹಿಕ್ಕೆ ಹಾಕಿದವು ಎಂದುಕೊಳ್ಳಿ. ಅಂಗೈಯಗಲದ ಆರುನೂರು ಹಪ್ಪಳಗಳಿದ್ದರೆ ಹೆಚ್ಚೆಂದರೆ ಎಪ್ಪತ್ತು ಹಾಳು, ಉಳಿದವು ಡಬ್ಬಿಗೆ. ಅದೇ ಬಟ್ಟೆಯ ಮೇಲೆ ಮೊರದಷ್ಟು ಅಗಲದ ಎಪ್ಪತ್ತೇ ಹಪ್ಪಳ ಹಾಕಿದ್ದರೆ? ಅರ್ಧಕ್ಕಿಂತ ಹೆಚ್ಚು ಕೆಟ್ಟುಹೋಗುತ್ತವೆ. ಕಾಗೆಗಳು ಅವೇ, ಬಟ್ಟೆಯೂ ಅದೇ.

ಚಿಪ್ಪುಗಳು ತಯಾರಾಗುವುದು ಹೀಗೆಯೇ. 30 ಸೆಂಟಿಮೀಟರ್ ಅಗಲದ ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ಪುಗಳನ್ನು ಒಟ್ಟಿಗೆ ಮೂಡಿಸಿ ಆಮೇಲೆ ಕತ್ತರಿಸುತ್ತಾರೆ. ಎಷ್ಟೇ ಶುಚಿಯಾಗಿದ್ದರೂ ಬಿಲ್ಲೆಯ ಮೇಲೆ ಅಲ್ಲಲ್ಲಿ ದೋಷದ ಚುಕ್ಕೆಗಳು ಉಳಿಯುತ್ತವೆ. ಫೋನಿನ ಚಿಪ್ ಸುಮಾರು 100 ಚದರ ಮಿಲಿಮೀಟರ್. ಆರ್‌ಟಿಎಕ್ಸ್ 5090ರ ಚಿಪ್ 750 ಚದರ ಮಿಲಿಮೀಟರ್, 9,220 ಕೋಟಿ ಟ್ರಾನ್ಸಿಸ್ಟರುಗಳು. ಒಂದು ಬಿಲ್ಲೆಯಲ್ಲಿ ಮೊದಲನೆಯದು ಆರುನೂರಕ್ಕೂ ಹೆಚ್ಚು ಹಿಡಿಸಿದರೆ, ಎರಡನೆಯದು ಎಪ್ಪತ್ತರ ಆಸುಪಾಸು.

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಪಳಗಿದ ತಂತ್ರದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸರಾಸರಿ 0.1 ದೋಷ ಎಂದಿಟ್ಟುಕೊಳ್ಳಿ. ಫೋನ್ ಚಿಪ್ಪುಗಳಲ್ಲಿ ಶೇಕಡಾ 90 ಪಾಸು, ದೊಡ್ಡ ಚಿಪ್ಪುಗಳಲ್ಲಿ ಶೇಕಡಾ 47. ಈಗ ಹೊಸದಾಗಿ ಶುರುವಾದ ತಂತ್ರದಲ್ಲಿ ದೋಷ ಮೂರು ಪಟ್ಟು, ಅಂದರೆ 0.3 ಎನ್ನೋಣ. ಫೋನ್ ಚಿಪ್ಪುಗಳಲ್ಲಿ ಇನ್ನೂ ಶೇಕಡಾ 74 ಉಳಿಯುತ್ತವೆ. ದೊಡ್ಡ ಚಿಪ್ಪುಗಳಲ್ಲಿ ಉಳಿಯುವುದು ಶೇಕಡಾ 10ರಷ್ಟು. ಎಪ್ಪತ್ತರಲ್ಲಿ ಏಳು! ಬಿಲ್ಲೆಯ ಪೂರ್ತಿ ದುಡ್ಡನ್ನು ಆ ಏಳರ ಮೇಲೆ ಹಾಕಬೇಕು.

ಹೊಸ ತಂತ್ರಕ್ಕೆ ಫೋನಿನವರು ಮೊದಲು ಹೋಗುವುದು ಇದೇ ಕಾರಣಕ್ಕೆ. ಸಣ್ಣ ಚಿಪ್ಪು ಆರಂಭದ ದೋಷಗಳನ್ನು ತಾಳಿಕೊಳ್ಳುತ್ತದೆ, ಬ್ಯಾಟರಿ ಉಳಿಸುವ ಅಗತ್ಯವೂ ಅವರಿಗೇ ಹೆಚ್ಚು. ವರ್ಷ ಎರಡು ವರ್ಷ ಕಳೆದು ಕಾರ್ಖಾನೆಯವರ ಕೈ ಕುದುರಿದ ಮೇಲೆ ದೊಡ್ಡ ಚಿಪ್ಪಿನವರು ಬರುತ್ತಾರೆ.

ಅಷ್ಟಾದರೂ ಪೂರ್ತಿ ದೋಷವಿಲ್ಲದ ದೊಡ್ಡ ಚಿಪ್ ಸಿಗುವುದು ಕಷ್ಟವೇ. ಆದರೆ ಗ್ರಾಫಿಕ್ಸ್ ಚಿಪ್ಪಿನಲ್ಲಿ ಒಂದೇ ತರಹದ ಸಾವಿರಾರು ಸಣ್ಣ ಲೆಕ್ಕಿಗರಿರುತ್ತಾರೆ. ಕೆಟ್ಟವರನ್ನು ಕೆಲಸದಿಂದ ಬಿಡಿಸಿ ಉಳಿದವರನ್ನು ದುಡಿಸಬಹುದು. 5090ರ ಚಿಪ್ಪಿನಲ್ಲಿ ಇರುವುದು 24,576. ನಿಮಗೆ ಮಾರುವಾಗ ಚಾಲೂ ಇರುವುದು 21,760. ಇದೂ ಮೋಸವಲ್ಲ, ಡಬ್ಬಿಯ ಮೇಲೆ ಹೇಳಿದಷ್ಟು ಸಿಗುತ್ತದೆ. ಮುಕ್ಕಾದ ಹಪ್ಪಳವನ್ನು ಎಸೆಯದೆ ಮುರಿದು ಕರಿದಂತೆ.

ಇನ್ನು ಇತಿಹಾಸ. ಸಣ್ಣ ನಂಬರು ಗೆಲ್ಲುತ್ತದೆ ಎನ್ನುವವರಿಗೆ 2002-03ರ ಕಥೆ ಹೇಳಬೇಕು. ಎಟಿಐ ಕಂಪನಿ ಪಳಗಿದ 150 ನ್ಯಾನೋಮೀಟರ್ ತಂತ್ರದಲ್ಲೇ ನಿಂತು 2002ರ ಆಗಸ್ಟಿನಲ್ಲಿ ರೇಡಿಯಾನ್ 9700 ಪ್ರೊ ತಂದಿತು. ಎನ್ವಿಡಿಯಾ ಹೊಸ 130ಕ್ಕೆ ಹಾರಿತು. ಅದರ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ತಡವಾಗಿ ಬಂತು, ಬಿಸಿಯಾಯಿತು, ಅದರ ಫ್ಯಾನಿನ ಸದ್ದು ಊರಿಗೆಲ್ಲ ತಮಾಷೆಯಾಯಿತು. ಗೆದ್ದದ್ದು ‘ಹಳೇ’ ತಂತ್ರದ ರೇಡಿಯಾನ್.

2014ರಲ್ಲಿ ಇನ್ನೂ ಸ್ವಾರಸ್ಯ. ಆಪಲ್ ತನ್ನ ಫೋನಿಗೆ ಟಿಎಸ್‌ಎಂಸಿಯ 20 ನ್ಯಾನೋಮೀಟರ್ ಬಳಸಿತು. ಗ್ರಾಫಿಕ್ಸ್ ಕಾರ್ಡಿನವರು ಆ ಮೆಟ್ಟಿಲನ್ನೇ ಬಿಟ್ಟು 2012ರಿಂದ 2016ರವರೆಗೆ 28ರಲ್ಲೇ ಉಳಿದರು. ಆ ಸಮಯದಲ್ಲಿ ಎನ್ವಿಡಿಯಾ ಚಿಪ್ಪಿನ ವಿನ್ಯಾಸವನ್ನೇ ತಿದ್ದಿತು. 250 ವಾಟ್ ಬೇಡುತ್ತಿದ್ದ ಜಿಟಿಎಕ್ಸ್ 780 ಟಿಐ ಮಾಡುವ ಕೆಲಸವನ್ನು 2014ರ ಜಿಟಿಎಕ್ಸ್ 980 ಬರೀ 165 ವಾಟ್‌ನಲ್ಲಿ ಮಾಡಿತು. ಎರಡೂ 28 ನ್ಯಾನೋಮೀಟರೇ! 2019ರಲ್ಲಿ ಎಎಂಡಿಯ ಸರದಿ. 7 ನ್ಯಾನೋಮೀಟರಿನ ರೇಡಿಯಾನ್ 7 ಕಾರ್ಡು 12 ನ್ಯಾನೋಮೀಟರಿನ ಆರ್‌ಟಿಎಕ್ಸ್ 2080ಯನ್ನು ಮೀರಿಸಲಿಲ್ಲ, ವಿದ್ಯುತ್ತನ್ನೂ ಅದಕ್ಕಿಂತ ಹೆಚ್ಚೇ ತಿಂದಿತು.

ದುಡ್ಡಿನ ವಿಷಯಕ್ಕೆ ಬಂದರೆ, 7 ನ್ಯಾನೋಮೀಟರಿನ ಒಂದು ಬಿಲ್ಲೆಗೆ ಸುಮಾರು 9,300 ಡಾಲರ್, 5 ನ್ಯಾನೋಮೀಟರಿನದಕ್ಕೆ ಸುಮಾರು 17,000 ಡಾಲರ್ ಎಂದು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಅಂದಾಜಿಸಿದ್ದರು. ಅದರ ಮೇಲೆ, ಚಿಪ್ಪಿನ ಎಲ್ಲ ಭಾಗವೂ ಹೊಸ ತಂತ್ರದಲ್ಲಿ ಕುಗ್ಗುವುದಿಲ್ಲ. ಟಿಎಸ್‌ಎಂಸಿಯ ಒಂದು 3 ನ್ಯಾನೋಮೀಟರ್ ತಂತ್ರದಲ್ಲಿ ಚಿಪ್ಪಿನೊಳಗಿನ ಸ್ಮೃತಿಯ ಕೋಶದ ಗಾತ್ರ 5ರಲ್ಲಿ ಇದ್ದಷ್ಟೇ ಇದೆ. ಕುಗ್ಗದ ಭಾಗಕ್ಕೆ ಹೆಚ್ಚು ಬಾಡಿಗೆ ಕೊಟ್ಟು ಏನು ಪ್ರಯೋಜನ? ಎಎಂಡಿ 2022ರಲ್ಲಿ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡಿನ ಲೆಕ್ಕದ ಭಾಗವನ್ನು 5ರಲ್ಲಿ, ಸ್ಮೃತಿಯ ಭಾಗವನ್ನು ಆರು ಸಣ್ಣ ತುಂಡುಗಳಾಗಿ ಅಗ್ಗದ 6ರಲ್ಲಿ ಮಾಡಿ ಜೋಡಿಸಿತು. ಇದು ಜಾಣತನ.

ಆದರೆ ಕಂಪನಿಗಳನ್ನು ಪೂರ್ತಿ ಸಮರ್ಥಿಸುವುದೂ ಬೇಡ. ಫಾರ್ವರ್ಡ್ ಬರೆದವರ ಅನುಮಾನದಲ್ಲಿ ಒಂದು ಎಳೆ ನಿಜವಿದೆ. 2020ರಲ್ಲಿ ಎನ್ವಿಡಿಯಾ ತನ್ನ ದುಬಾರಿ ಎ100 ಚಿಪ್ಪನ್ನು, ಅಂದರೆ ಎಐ ಕೆಲಸದ ದೊಡ್ಡ ಗಿರಾಕಿಗಳಿಗೆ ಹೋಗುವುದನ್ನು, ಟಿಎಸ್‌ಎಂಸಿಯ 7 ನ್ಯಾನೋಮೀಟರಿನಲ್ಲಿ ಮಾಡಿಸಿತು. ಆಟದ ಆರ್‌ಟಿಎಕ್ಸ್ 30 ಸರಣಿಯನ್ನು ಸ್ಯಾಮ್‌ಸಂಗ್‌ನ 8ಕ್ಕೆ ಕಳಿಸಿತು. ಒಳ್ಳೆಯ ಕಾರ್ಖಾನೆಯಲ್ಲಿ ಜಾಗ ಕಮ್ಮಿ ಇದ್ದಾಗ ಹೆಚ್ಚು ಲಾಭದ ಮಾಲಿಗೆ ಮೊದಲ ಪಂಕ್ತಿ ಸಿಗುವುದು ಎಲ್ಲ ವ್ಯಾಪಾರದಲ್ಲೂ ಇದ್ದದ್ದೇ. ಹಾಗೆಯೇ ಒಂದೇ ತಂತ್ರದಲ್ಲಿ ಎರಡು ಸಲ ನಿಂತರೆ ಅದರ ಬೆಲೆಯನ್ನೂ ತೆರಬೇಕು: 4090ಗೆ 450 ವಾಟ್ ಸಾಕಿತ್ತು, 5090ಗೆ 575 ವಾಟ್ ಬೇಕು. ಹೆಚ್ಚಿದ ವೇಗದ ಒಂದು ಪಾಲು ಹೀಗೆ ಕರೆಂಟಿನಿಂದಲೇ ಬಂದದ್ದು.

ತಯಾರಿಕೆ ತೈವಾನ್, ಕೊರಿಯಾಗಳಲ್ಲಾದರೂ ವಿನ್ಯಾಸದ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು. ಇಂದು ಎನ್ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಅಲ್ಲಿ ವಿನ್ಯಾಸ ಕೇಂದ್ರಗಳಿವೆ. ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ಅಲ್ಲೇ. ತಂತ್ರ ಬದಲಾದರೆ ಅಲ್ಲಿನ ಎಂಜಿನಿಯರುಗಳು ಚಿಪ್ಪಿನ ನಕ್ಷೆಯನ್ನು ಬಹುಪಾಲು ಹೊಸದಾಗಿ ಹಾಕಬೇಕು, ಪರೀಕ್ಷಿಸಬೇಕು. ಹಳೇ ನಕ್ಷೆಯನ್ನು ಜೆರಾಕ್ಸಿನಲ್ಲಿ ಚಿಕ್ಕದು ಮಾಡಿದಂತಲ್ಲ.

ಹಳೇ ಎಂದರೆ ಎಷ್ಟು ಹಳೇದನ್ನು ಬಳಸುತ್ತಾರೆ ಎಂದು ತಿಳಿಯಬೇಕಾದರೆ ಇಸ್ರೋ ಕಡೆ ನೋಡಿ. ರಾಕೆಟ್ಟುಗಳಿಗಾಗಿ ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ ತಯಾರಾದ ‘ವಿಕ್ರಮ್ 3201’ ಚಿಪ್ 180 ನ್ಯಾನೋಮೀಟರಿನದು. 2000ದ ಜಿಫೋರ್ಸ್ 2 ಕಾರ್ಡಿನ ಕಾಲದ ಅಳತೆ! ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಕೆಲಸ ಮಾಡಬೇಕು, ನಮ್ಮ ದೇಶದಲ್ಲೇ ತಯಾರಾಗಬೇಕು. 2024ರ ಡಿಸೆಂಬರಿನ ಪಿಎಸ್‌ಎಲ್‌ವಿ ಸಿ60 ಉಡಾವಣೆಯಲ್ಲಿ ಅದನ್ನು ಅಂತರಿಕ್ಷದಲ್ಲೇ ಪರೀಕ್ಷಿಸಿ ನೋಡಿದ್ದಾಯಿತು.

ಈಗ ಲ್ಯಾಪ್‌ಟಾಪ್ ಪ್ರಶ್ನೆ. ನ್ಯಾನೋಮೀಟರ್ ನೋಡಿ ಕೊಳ್ಳುವುದೂ ಬೇಡ, ಬಿಡುವುದೂ ಬೇಡ. ನೀವು ಓಡಿಸಬೇಕಾದ ಸಾಫ್ಟ್‌ವೇರಿನಲ್ಲಿ ಆ ಮಾಡೆಲ್ ಹೇಗೆ ನಡೆಯುತ್ತದೆ ಎಂಬ ಪರೀಕ್ಷೆಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಅವನ್ನು ನೋಡಿ. ಗ್ರಾಫಿಕ್ಸ್ ಸ್ಮೃತಿ ಎಷ್ಟು ಜಿಬಿ ಎಂದು ಕೇಳಿ. ಮುಖ್ಯವಾಗಿ ವಾಟ್ ಕೇಳಿ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ ತಯಾರಕರು 35ರಿಂದ 115 ವಾಟ್‌ವರೆಗೆ ಎಷ್ಟು ಬೇಕಾದರೂ ಕೊಡಬಹುದು. ಒಂದೇ ಚಿಪ್, ಒಂದೇ ನ್ಯಾನೋಮೀಟರ್, ವೇಗದಲ್ಲಿ ಮಾತ್ರ ಅಜಗಜಾಂತರ. ಅಂಗಡಿಯ ಫಲಕದಲ್ಲಿ ಇದು ಕಾಣದೇ ಹೋಗಬಹುದು. ಮಾಡೆಲಿನ ಪೂರ್ತಿ ನಂಬರು ಹಾಕಿ ಕಂಪನಿಯ ಜಾಲತಾಣದಲ್ಲಿ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಕಾರವಾರದ ಸೆಕೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಕೂತು ಕೆಲಸ ಮಾಡುವವರು ಗಾಳಿಯಾಡುವ ಕಿಂಡಿಗಳು ದೊಡ್ಡದಿರುವ, ಸ್ವಲ್ಪ ದಪ್ಪನೆಯ ಮಾಡೆಲನ್ನೇ ಆರಿಸುವುದು ವಾಸಿ. ಚಿಪ್ ವಿಪರೀತ ಬಿಸಿಯಾದರೆ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಅದು 3 ನ್ಯಾನೋಮೀಟರಿನದಾದರೂ ಅಷ್ಟೇ.